ಎಲ್ಲರೂ ಇಳಿದ ಮೇಲೆ

ನಮ್ಮ ಮಾಸ್ತರರ ಬಲಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಸದಾ ಕಪ್ಪಾಗಿರುತ್ತಿತ್ತು. ಹಸಿ ಪ್ರೂಫಿನ ಮೇಲೆ ಕೈ ಎಳೆದೆಳೆದು ಹತ್ತಿದ ಅಚ್ಚಿನ ಶಾಯಿ ಅದು. ಬೆಳಿಗ್ಗೆ ಫೋರ್ಟಿನ ಒಂದು ಗಲ್ಲಿಯ ಪ್ರೆಸ್ಸಿನಲ್ಲಿ ಕನ್ನಡದ ಲಗ್ನಪತ್ರಿಕೆ, ಸಂಘದ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರಗಳ ತಪ್ಪು ತಿದ್ದಿ, ಲೋಕಲ್ ಹಿಡಿದು ಸಾಂತಾಕ್ರೂಜಿಗೆ ಬಂದು, ಮಧ್ಯಾಹ್ನದ ಪಾಳಿಯ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ನಮಗೆ ಲೆಕ್ಕ ಕಲಿಸುತ್ತಿದ್ದರು. ಆ ಕೈಯಿಂದ ಕಿವಿ ಹಿಂಡಿದರೆ ಕಿವಿಯೂ ಕಪ್ಪಾಗುತ್ತಿತ್ತು. ಸಂಜೆ ಮನೆಗೆ ಹೋದ ಕೂಡಲೇ ನನ್ನ ತಾಯಿ ಮೊದಲು ಕಿವಿ ನೋಡುತ್ತಿದ್ದಳು. ಇವತ್ತು ಲೆಕ್ಕ ತಪ್ಪಿದೆಯೋ ಇಲ್ಲವೋ ಎಂದು ಮತ್ತೆ ಕೇಳಬೇಕಾದ್ದೇ ಇರಲಿಲ್ಲ.

ಅವರು ಧಾರವಾಡದ ಕಡೆಯವರು. ಮಾತು ಒರಟು, ಮನಸ್ಸು ಬೆಣ್ಣೆ ಎಂದು ಸತ್ತವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಮ್ಮ ಮಾಸ್ತರರ ಮಾತು ಒರಟೇ, ಮನಸ್ಸು ಬೆಣ್ಣೆಯೇನೂ ಅಲ್ಲ. ಲೆಕ್ಕದಲ್ಲಿ ಮೈಗಳ್ಳತನ ಮಾಡಿದವನನ್ನು ಅವರು ಸುಲಭಕ್ಕೆ ಬಿಡುತ್ತಿರಲಿಲ್ಲ. ಆದರೆ ಉಡುಪಿ, ಕುಂದಾಪುರದ ಕಡೆಯ ಹೋಟೆಲಿನವರ ಮಕ್ಕಳಾದ ನಾವು ‘ಎಂತ’, ‘ಉಂಟು’ ಎಂದಾಗ ಬಿಜಾಪುರ, ಬೆಳಗಾವಿಯ ಕಡೆಯ ಮಕ್ಕಳು ನಕ್ಕರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. "ನಗಬ್ಯಾಡ್ರಲೇ. ಅವರ ಅಪ್ಪಂದಿರು ಒಂದ ದಿನಾ ಒಲಿ ಹಚ್ಚಲಿಲ್ಲಂದ್ರ ಈ ಮುಂಬೈ ಉಪಾಸ ಬೀಳತೈತಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಬಡ್ಡಿಯ ಲೆಕ್ಕ ಮುಗಿದು ಶೇರಿನ ಲೆಕ್ಕ ಬಂದಾಗ ಒಂದು ದಿನ ನಿಜವಾದ ಶೇರು ಪತ್ರವನ್ನೇ ತರಗತಿಗೆ ತಂದರು. ವಿಕ್ರೋಳಿಯಲ್ಲಿ ಕಾರ್ಖಾನೆ ಇದ್ದ ಅಚ್ಚಿನ ಶಾಯಿಯ ಕಂಪನಿಯೊಂದರ ಶೇರು. ಅವರ ಪ್ರೆಸ್ಸಿಗೆ ಬರುತ್ತಿದ್ದ ಡಬ್ಬಿಗಳೆಲ್ಲ ಅದೇ ಕಂಪನಿಯವು. ಶಾಯಿ ಹರಡದೆ ನಿಲ್ಲುವುದು, ಡಬ್ಬಿಯ ತೂಕದಲ್ಲಿ ಮೋಸವಿಲ್ಲದಿರುವುದು, ಇದನ್ನೆಲ್ಲ ನೋಡಿ ಮೆಚ್ಚಿ, ಸಂಬಳದಲ್ಲಿ ಉಳಿಸಿ ಕೊಂಡಿದ್ದರು.

"ಆ ಫ್ಯಾಕ್ಟರಿದು ಒಂದ ಇಟ್ಟಂಗಿ ನಂದು, ತಿಳೀತೇನು?" ಎಂದರು.

"ಯಾವ ಇಟ್ಟಿಗೆ ಮಾಸ್ಟ್ರೆ?" ಎಂದು ಹಿಂದಿನ ಬೆಂಚಿನಿಂದ ನಾನು ಕೇಳಿದೆ.

"ನನ್ನ ರೊಕ್ಕಕ್ಕ ಸಂಡಾಸದ್ದ ಬಂದಿರಬೇಕಲೇ. ಯಾವುದಾದ್ರೇನು, ಮಾಲಕ ಮಾಲಕನ!"

ಆಮೇಲೆ ಒಂದು ಕಂಪನಿ ಗಟ್ಟಿಯೋ ಟೊಳ್ಳೋ ಎಂದು ನೋಡುವುದು ಹೇಗೆಂದು ಹೇಳಿದರು. ಸಾಲ ಇರಬಾರದು, ಸರಕು ಸಾಚಾ ಇರಬೇಕು, ಯಜಮಾನನಿಗೆ ಮೆರೆದಾಟದ ಚಟ ಇರಬಾರದು. "ಇಷ್ಟ ಇದ್ರ ಹಿಡಕೊಂಡು ಕೂಡ್ರಿ. ತಾಳಿದಾಂವ ಬಾಳ್ಯಾನು" ಎಂದರು. ಆಗ ನಮಗೆ ಅದು ಪರೀಕ್ಷೆಗೆ ಬರುವ ಲೆಕ್ಕ, ಅಷ್ಟೆ.

ಶಾಲೆ ಮುಗಿಸಿದವರಲ್ಲಿ ಹೆಚ್ಚಿನವರು ಹೋಟೆಲಿಗೇ ಬಿದ್ದೆವು. ನಾನು ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ, ಎಂದರೆ ಗಿರಾಕಿಗಳಿಂದ ದುಡ್ಡು ತೆಗೆದುಕೊಳ್ಳುವ ಜಾಗದಲ್ಲಿ, ಕೂತು ಶುರು ಮಾಡಿದವನು. ಮುಂದೆ ಪಾಲುದಾರನಾದೆ, ಕೊನೆಗೆ ಹೋಟೆಲು ನನ್ನದೇ ಆಯಿತು. ಮಾಲೀಕನಾದ ಮೇಲೂ ಗಲ್ಲೆ ಬಿಡಲಿಲ್ಲ. ಮಾಸ್ತರರ ಪ್ರೆಸ್ಸು ಅಲ್ಲಿಂದ ಕೂಗಳತೆಯ ದೂರ. ನಿವೃತ್ತರಾದ ಮೇಲೆ ಅವರು ದಿನವಿಡೀ ಪ್ರೆಸ್ಸಿನಲ್ಲೇ ಇರುತ್ತಿದ್ದರು. ಮಧ್ಯಾಹ್ನ ನಮ್ಮಲ್ಲಿಗೆ ಬಂದು, ಕೈ ತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲಿನಲ್ಲಿ ಕೂತು, ಇಡ್ಲಿ ತಿಂದು ಕಾಫಿ ಕುಡಿದು ಹೋಗುತ್ತಿದ್ದರು. ಕಾಫಿಯನ್ನು ಅವರು ಎಂದೂ ಕಾಫಿ ಎನ್ನಲಿಲ್ಲ. "ನಿಮ್ಮ ಕಷಾಯ ತಾರಪಾ" ಎನ್ನುತ್ತಿದ್ದರು.

ನಮ್ಮ ಕಡೆಯ ಹೋಟೆಲಿನವರಲ್ಲಿ ಒಂದು ಪದ್ಧತಿಯಿದೆ. ಅಕ್ಷರ ಕಲಿಸಿದ ಮಾಸ್ಟ್ರು ಬಂದರೆ ಅವರ ಟೇಬಲ್ಲಿಗೆ ಬಿಲ್ಲು ಹೋಗುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೊಸ ವೇಟರಿಗೂ ಒಂದು ಕಣ್ಸನ್ನೆ ಸಾಕು. ಆದರೂ ಮಾಸ್ತರು ಪ್ರತಿ ಸಲ ಗಲ್ಲೆಯ ಮುಂದೆ ಬಂದು ಕಿಸೆಗೆ ಕೈ ಹಾಕುತ್ತಿದ್ದರು. ನಾನು ಪ್ರತಿ ಸಲ ಸೋಂಪಿನ ತಟ್ಟೆಯನ್ನು ಅವರ ಕಡೆಗೆ ಸರಿಸುತ್ತಿದ್ದೆ.

"ನಿಮ್ಮ ಹತ್ರ ದುಡ್ಡು ತಕ್ಕೊಂಡದ್ದು ಗೊತ್ತಾದ್ರೆ ನನ್ನಪ್ಪ ಮೇಲಿಂದ ಇಳಿದು ಬಂದು ಬೈತಾರೆ ಮಾಸ್ಟ್ರೆ."

"ಹಂಗಾರ ಕೊಟ್ಟ ಬಿಡತೇನಲೇ. ನಿಮ್ಮಪ್ಪನ್ನ ನೋಡಿ ಭಾಳ ದಿನಾ ಆತು."

ಸಾಂತಾಕ್ರೂಜಿನಿಂದ ಫೋರ್ಟಿನವರೆಗೆ ಅವರ ವಿದ್ಯಾರ್ಥಿಗಳ ಹೋಟೆಲು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದೇ ನಾಟಕ. ಉಳಿಸಿದ ದುಡ್ಡಿಗಾಗಿ ಅವರು ಖುಷಿಪಟ್ಟವರಲ್ಲ. ಕಿಸೆಗೆ ಕೈ ಹಾಕುವುದು, ನಾವು ಬೇಡವೆನ್ನುವುದು, ಅವರೊಂದು ತಮಾಷೆ ಮಾಡುವುದು, ಅದರಲ್ಲಿ ಅವರಿಗೆ ಸಿಗುತ್ತಿದ್ದ ಮರ್ಯಾದೆ ಬೇರೆ ಎಲ್ಲೂ ಸಿಗುತ್ತಿರಲಿಲ್ಲ. ಅವರ ಶಾಲೆಯಲ್ಲಿ ಕನ್ನಡದ ತರಗತಿಗಳು ಒಂದೊಂದಾಗಿ ಮುಚ್ಚಿದ್ದವು. ಮಾಸ್ತರಿಕೆ ಎಂಬುದು ಅವರ ಪಾಲಿಗೆ ಉಳಿದಿದ್ದರೆ ನಮ್ಮ ಗಲ್ಲೆಗಳ ಮುಂದೆ ಮಾತ್ರ.

ವರ್ಷಕ್ಕೊಂದು ದಿನ ಅವರು ಕೋಟು ಹಾಕಿಕೊಂಡು ಬರುತ್ತಿದ್ದರು. ಅದು ಶಾಯಿ ಕಂಪನಿಯ ವಾರ್ಷಿಕ ಸಭೆಯ ದಿನ. ಫೋರ್ಟಿನ ಒಂದು ಸಭಾಂಗಣದಲ್ಲಿ ಶೇರುದಾರರನ್ನೆಲ್ಲ ಕೂರಿಸಿ ಕಂಪನಿಯವರು ಲೆಕ್ಕ ಒಪ್ಪಿಸುತ್ತಿದ್ದರು. ಇಂಥ ಸಭೆಗಳಿಗೆ ಹೋಗುವುದನ್ನೇ ಕಸುಬು ಮಾಡಿಕೊಂಡ ಮುದುಕರು ಮುಂಬಯಿಯಲ್ಲಿದ್ದಾರೆ. ಕೆಲವರು ಸಮೋಸದ ಪೊಟ್ಟಣಕ್ಕೆ ಬರುವವರು, ಕೆಲವರು ಮೈಕಿಗೆ ಬರುವವರು. ನಮ್ಮ ಮಾಸ್ತರು ಎರಡಕ್ಕೂ ಬರುವವರು.

ಒಂದು ವರ್ಷ ನನ್ನನ್ನೂ ಕರೆದುಕೊಂಡು ಹೋಗಿದ್ದರು. ತಮ್ಮ ಸರದಿ ಬಂದಾಗ ಮೈಕಿನ ಮುಂದೆ ನಿಂತು, ವರದಿಯ ಪುಸ್ತಕ ಎತ್ತಿ ಹಿಡಿದು, ಹಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಮೂಗಿಗೆ ಹಿಡಿದು, ತಮ್ಮ ಧಾರವಾಡದ ಹಿಂದಿಯಲ್ಲಿ ಹೇಳಿಯೇಬಿಟ್ಟರು. "ಚೇರ್ಮನ್ ಸಾಹೇಬ್, ಯೇ ರಿಪೋರ್ಟ್ ಅಪನೇ ಇಂಕ್ ಸೇ ನಹೀ ಛಪಾ. ದೂಸರೇ ಕಾ ಇಂಕ್ ಹೈ!"

ಬೇರೆಯವರ ಶಾಯಿ ಎಂಬ ಮಾತಿಗೆ ಸಭೆಯಲ್ಲಿ ಗುಜುಗುಜು ಶುರುವಾಯಿತು. ವೇದಿಕೆಯ ಮೇಲಿದ್ದವರು ಒಬ್ಬರ ಕಿವಿಗೊಬ್ಬರು ಬಾಯಿಟ್ಟರು. ಕೊನೆಗೆ ಚೇರ್ಮನ್ನರು ನಗುತ್ತ, ಅದು ನಮ್ಮದೇ ಶಾಯಿ, ಹೊಸ ಬಗೆಯದು, ಬೇಗ ಒಣಗುತ್ತದೆ ಎಂದರು. ಮಾಸ್ತರು ಇನ್ನೊಮ್ಮೆ ಹಾಳೆ ಉಜ್ಜಿ ನೋಡಿದರು. "ಹಂಗಾರ ಭಾಳ ಛಲೋ ಆತು!" ಎಂದು ಕನ್ನಡದಲ್ಲೇ ಕೂಗಿ, ಎಲ್ಲರ ನಗುವಿನ ನಡುವೆ ತಾವೂ ನಗುತ್ತ ಬಂದು ಕೂತರು. ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಅವರಿಗೋ ತಪ್ಪಿದ್ದಕ್ಕೆ ಒಂದಿಷ್ಟೂ ಬೇಸರವಿರಲಿಲ್ಲ. ಸಮೋಸ ಮುರಿಯುತ್ತ, "ಮಾಸ್ತರ ತಪ್ಪಿದ್ರ ಹುಡುಗುರಿಗೆ ಭಾಳ ಖುಷಿ. ಆವಾಗಾವಾಗ ತಪ್ಪತಿರಬೇಕು" ಎಂದರು. ತಮ್ಮ ತಪ್ಪನ್ನು ಅಷ್ಟು ಹಗುರವಾಗಿ ಹೊರುತ್ತಿದ್ದ ಮನುಷ್ಯ ಅವರು. ಅದರಿಂದ ಇನ್ನೊಬ್ಬರಿಗೆ ನಷ್ಟವಾದಾಗ ಮಾತ್ರ ಆ ಹಗುರ ಉಳಿಯಲಿಲ್ಲ.

ನಾವು ಹಳೆಯ ವಿದ್ಯಾರ್ಥಿಗಳು ಕೆಲವರು ಆ ಕಂಪನಿಯ ಶೇರು ಕೊಂಡದ್ದು ಅವರನ್ನು ನೋಡಿ. ಅವರು ಯಾರಿಗೂ ಕೊಳ್ಳಿರೆಂದು ಹೇಳಿದವರಲ್ಲ. ನಾವಾಗಿ ಹೋಗಿ ಕೇಳಿದೆವು, ಕಂಪನಿ ಗಟ್ಟಿ ಇದೆ ಎಂದರು, ಕೊಂಡೆವು. ಗಟ್ಟಿ ಇದ್ದದ್ದೂ ಸುಳ್ಳಲ್ಲ. ವರ್ಷ ವರ್ಷ ಲಾಭದ ಪಾಲು ಬ್ಯಾಂಕಿಗೆ ಬಂದು ಬೀಳುತ್ತಿತ್ತು.

ನಿಧಾನಕ್ಕೆ ಪೇಪರುಗಳು ತೆಳ್ಳಗಾದವು. ಮೊದಲು ನಮ್ಮ ಹೋಟೆಲಿಗೆ ಗಿರಾಕಿಗಳು ಬಗಲಲ್ಲಿ ಪೇಪರು ಇಟ್ಟುಕೊಂಡು ಬರುತ್ತಿದ್ದರು, ಈಗ ಮೊಬೈಲು ಹಿಡಿದು ಬರತೊಡಗಿದರು. ಮದುವೆಯ ಕರೆಯೋಲೆ ವಾಟ್ಸಾಪಿನಲ್ಲಿ ಬಂತು. ಶಾಯಿ ಮಾಡುವ ಬೇರೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ ಸುದ್ದಿ ಕೇಳಿ, "ಎಂತ ಮಾಸ್ಟ್ರೆ, ಹೀಗಾಯ್ತಲ್ಲ?" ಎಂದು ನಾನು ಕೇಳಿದೆ.

"ಊರು ಸುಟ್ರೂ ಹನುಮಪ್ಪ ಹೊರಗ" ಎಂದು ಅವರು ನಕ್ಕರು. "ಮುಚ್ಚಿದವ್ರೆಲ್ಲಾ ಸಾಲದಾಗ ಮುಳುಗಿದ್ರು. ನಮ್ದು ಸಾಲ ಇಲ್ಲ. ಇನ್ನ ಅವರ ಗಿರಾಕಿ ಎಲ್ಲಾ ನಮ್ಮ ಕಡೆನ ಬರತೈತಿ ನೋಡು."

ಹಾಗೆಯೇ ಆಯಿತು. ಶೇರಿನ ಬೆಲೆ ಏರಿತು. ನಾವಿದ್ದದ್ದು ಸಾಂತಾಕ್ರೂಜಿನ ಒಂದು ಹಳೆಯ ಚಾಳಿನಲ್ಲಿ, ಸಾಲು ಮನೆಗಳಿಗೆಲ್ಲ ಸೇರಿ ಒಂದೇ ಸಂಡಾಸು. ಫ್ಲ್ಯಾಟಿನ ಮುಂಗಡಕ್ಕೆಂದು ಹೆಂಡತಿ ಮತ್ತು ನಾನು ಕೂಡಿಟ್ಟ ಹಣವಿತ್ತು. ಏರುವ ಬೆಲೆ ನೋಡಿ ಅದನ್ನೆಲ್ಲ ತಂದು ಆ ಶೇರಿಗೆ ಸುರಿದೆ. ಮಾಸ್ತರರನ್ನು ಕೇಳಿ ಸುರಿದದ್ದಲ್ಲ. ಸುರಿದ ಮೇಲೆ ಹೇಳಿದೆ. "ಅಷ್ಟ ಯಾಕ ಹಾಕಿದ್ಯೋ?" ಎಂದು ಅವರು ಹುಬ್ಬು ಗಂಟಿಕ್ಕಿದರು. ಆಮೇಲೆ ನನ್ನ ಮುಖ ನೋಡಿ ಮಾತು ಬದಲಿಸಿದರು.

ಮಾಸ್ತರರ ಪ್ರೆಸ್ಸೂ ಒಂದು ದಿನ ಮುಚ್ಚಿತು. ಅಲ್ಲಿ ಮೊಬೈಲಿನ ಕವರು ಮಾರುವ ಅಂಗಡಿ ಬಂತು. ಆದರೂ ಅವರು ದಿನಾ ಲೋಕಲ್ಲಿನಲ್ಲಿ ಫೋರ್ಟಿಗೆ ಬರುತ್ತಲೇ ಇದ್ದರು. ಇಡ್ಲಿ ತಿಂದು, ನಮ್ಮಲ್ಲಿದ್ದ ಒಂದೇ ಒಂದು ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅಚ್ಚಿನ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಎದ್ದು ಹೋಗುತ್ತಿದ್ದರು. ಆ ಗೆರೆಗಳನ್ನು ಯಾರಿಗೆ ತೋರಿಸಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಕೊರೊನಾ ಬಂದು ಹೋದ ಮೇಲೆ ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಕಂಪನಿಯಿಂದ ಒಂದು ಮೇಲ್ ಬಂತು. ಪರಿಸರದ ಕಾಳಜಿಯಿಂದ ಇನ್ನು ಮುಂದೆ ವಾರ್ಷಿಕ ವರದಿಯನ್ನು ಅಚ್ಚು ಹಾಕುವುದಿಲ್ಲ, ಮೊಬೈಲಿನಲ್ಲೇ ಓದಿಕೊಳ್ಳಿ, ಕಾಗದ ಉಳಿಸಿ ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಮಾಸ್ಟ್ರೆ, ಕೇಳಿ ಇಲ್ಲಿ. ಇಂಕ್ ಮಾಡುವವರೇ ಪ್ರಿಂಟ್ ಮಾಡುದು ಬೇಡ ಹೇಳ್ತಿದ್ದಾರೆ ಮಾರಾಯ್ರೆ!"

ಅವರು ನಗಲಿಲ್ಲ. "ಇನ್ನೊಮ್ಮೆ ಓದು" ಎಂದರು. ಓದಿದೆ. ಕಾಫಿ ಆರುವವರೆಗೆ ಅವರು ಲೋಟ ಮುಟ್ಟಲಿಲ್ಲ.

ಆ ವರ್ಷದ ಸಭೆಯೂ ವಿಡಿಯೋದಲ್ಲೇ ಎಂದು ತಿಳಿಸಿದ್ದರು. ಮಾಸ್ತರು ಕೋಟು ಹಾಕಿಕೊಂಡೇ ಬಂದರು. ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ನನ್ನ ಲ್ಯಾಪ್‌ಟಾಪು ಇಟ್ಟು ಕೂರಿಸಿದೆ. ಅವರ ಹೆಸರು ಕರೆದಾಗ ಎದ್ದು ನಿಂತು ಮಾತಾಡಿದರು. ಪೇಪರು ಓದುವವರೇ ಇಲ್ಲದಾಗ ನಾವು ಯಾರಿಗಾಗಿ ಶಾಯಿ ಮಾಡುತ್ತೇವೆ, ಇದಕ್ಕೆ ನಿಮ್ಮಲ್ಲಿ ಏನು ವಿಚಾರ ಇದೆ ಎಂದು ಹಿಂದಿಯಲ್ಲಿ ಕೇಳಿದರು. ಮೈಕಿನ ಬಟನ್ನು ಒತ್ತಿರಲಿಲ್ಲ. ನಾನು ಅದನ್ನು ಹುಡುಕಿ ಒತ್ತುವಷ್ಟರಲ್ಲಿ ಕಂಪನಿಯವರು, ಇವರ ದನಿ ಕೇಳುತ್ತಿಲ್ಲ, ಮುಂದಿನವರು ಮಾತಾಡಲಿ ಎಂದುಬಿಟ್ಟರು. ಕೊನೆಗೆ ಚೇರ್ಮನ್ನರು, ನಮ್ಮ ಉದ್ಯಮದಲ್ಲಿ ಎಲ್ಲರಿಗಿಂತ ಗಟ್ಟಿ ಕಂಪನಿ ನಮ್ಮದೇ ಎಂದು ಹೇಳಿ ಕೈಮುಗಿದರು.

ಮಾಸ್ತರು ಲ್ಯಾಪ್‌ಟಾಪಿನ ಮುಚ್ಚಳ ತಾವೇ ಮುಚ್ಚಿದರು. ನನ್ನ ಕಡೆ ತಿರುಗಿ ಕೇಳಿದರು. "ನಿಮ್ಮಪ್ಪಂದು ಮೊದಲ ಪರೇಲದಾಗ ಹೋಟೆಲ್ ಇತ್ತಲ್ಲ. ಅದು ಯಾಕ ಮುಚ್ಚಿತು? ನಷ್ಟ ಮಾಡಿಕೊಂಡನೇನು?"

"ನಷ್ಟ ಎಂತದ್ದೂ ಇಲ್ಲ ಮಾಸ್ಟ್ರೆ. ಹೋಟೆಲು ಚೆನ್ನಾಗೇ ಇತ್ತು. ಮಿಲ್ಲು ಮುಚ್ಚಿತು."

ಪೂರ್ತಿ ಹೇಳು ಎಂದರು. ಹೇಳಿದೆ. ಮಿಲ್ಲಿನ ಗೇಟಿನ ಎದುರಿಗೇ ಅಪ್ಪನ ಹೋಟೆಲು. ಸಾಂಬಾರಿನಲ್ಲಿ ಎಂದೂ ಬೇಳೆ ಕಡಿಮೆ ಮಾಡಿದವರಲ್ಲ, ಯಾರ ಸಾಲವೂ ಇರಲಿಲ್ಲ. ಮಿಲ್ಲುಗಳು ನಿಲ್ಲತೊಡಗಿದಾಗ ಆಚೀಚಿನ ಹೋಟೆಲುಗಳು ಮೊದಲು ಮುಚ್ಚಿದವು. ಆಗ ಅವರ ಗಿರಾಕಿಗಳೆಲ್ಲ ನಮ್ಮಲ್ಲಿಗೆ ಬಂದರು. ಹೋಟೆಲು ಮೊದಲಿಗಿಂತ ಹೆಚ್ಚು ತುಂಬಿತು. ಅಪ್ಪ ಇದ್ದ ದುಡ್ಡೆಲ್ಲ ಹಾಕಿ ಹೊಸ ಟೇಬಲ್ಲು, ಹೊಸ ರುಬ್ಬುವ ಯಂತ್ರ ತರಿಸಿದರು. ಆಮೇಲೆ ಆ ರಸ್ತೆಯಲ್ಲಿ ತಿನ್ನುವವರೇ ಇಲ್ಲವಾದರು. ಅಪ್ಪ ಸಾಂತಾಕ್ರೂಜಿಗೆ ಬಂದು ಇನ್ನೊಬ್ಬರ ಹೋಟೆಲಿನಲ್ಲಿ ಮ್ಯಾನೇಜರರಾಗಿ ಕೂತರು. ನಾನು ಮಾಸ್ತರರ ಶಾಲೆಗೆ ಸೇರಿದ್ದು ಆ ವರ್ಷವೇ.

ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ಅಪ್ಪ ಹೊಸ ಟೇಬಲ್ಲು ತರಿಸಿದ ಹಾಗೆಯೇ ನಾನು ಏರುವ ಬೆಲೆ ನೋಡಿ ಶೇರು ಕೊಂಡಿದ್ದೆ. ನಮ್ಮ ಮನೆಯಲ್ಲಿ ಅಷ್ಟು ವರ್ಷ ಊಟದ ಹೊತ್ತಿಗೆಲ್ಲ ಆಡಿದ ಮಾತು ಅದು, ‘ಹೋಟೆಲು ಸಾಯಲಿಲ್ಲ, ರಸ್ತೆ ಸತ್ತಿತು’ ಎಂದು. ಅದು ಹೋಟೆಲಿನ ಮಾತು, ಶೇರು ಎಂಬುದು ಓದಿದವರ ವ್ಯವಹಾರ ಎಂದುಕೊಂಡು ಎರಡನ್ನೂ ಒಟ್ಟಿಗೆ ನೋಡಿಯೇ ಇರಲಿಲ್ಲ.

"ಇದನ್ನ ನನಗ ಮೊದಲ ಯಾಕ ಹೇಳಲಿಲ್ಲಲೇ?" ಎಂದರು ಮಾಸ್ತರು. ಬೈಗುಳವಿರಲಿಲ್ಲ ದನಿಯಲ್ಲಿ. "ನಾ ಹನುಮಪ್ಪನ್ನಷ್ಟ ನೋಡಿದೆ. ಊರ ಸುಟ್ಟ ಮ್ಯಾಲ ಅಂವಗ ದೀಪಾ ಹಚ್ಚಾವ್ರು ಯಾರು ಅಂತ ವಿಚಾರ ಮಾಡಲಿಲ್ಲ. ಮಾರಿಬಿಡು. ನಾಳೆನ ಮಾರು."

"ನೀವು ಮಾಸ್ಟ್ರೆ?"

"ನನ್ನ ನೋಡಿ ನೀವೆಲ್ಲಾ ಈ ಗಾಡಿ ಹತ್ತೀರಿ. ಎಲ್ಲಾರೂ ಇಳದ ಮ್ಯಾಲ ನಾ ಇಳೀತೇನಿ."

ಆ ವಾರವೆಲ್ಲ ಅವರು ಒಂದೊಂದೇ ಹೋಟೆಲಿಗೆ ಹೋದರು. ಶೇರು ಕೊಂಡಿದ್ದ ಪ್ರತಿಯೊಬ್ಬ ವಿದ್ಯಾರ್ಥಿಯ ಗಲ್ಲೆಯ ಮುಂದೆ ನಿಂತು, ನಾನು ಹೇಳಿದ್ದು ತಪ್ಪಾಯಿತು, ಮಾರಿಬಿಡು ಎಂದು ಹೇಳಿ ಬಂದರು. ವಯಸ್ಸಾದ ಮಾಸ್ತರು ಹುಡುಗರ ಮುಂದೆ ತಪ್ಪಾಯಿತು ಎನ್ನುವುದು ಸುಲಭದ ಮಾತಲ್ಲ. ಅವರೆಲ್ಲ ಮಾರಿದರು. ಯಾರಿಗೂ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ನಾನು ಮಾರಲಿಲ್ಲ. ಎಲ್ಲ ತಿಳಿದೂ ಮಾರಲಿಲ್ಲ. ನಾನು ಕೊನೆಗೆ ಕೊಂಡ ಬೆಲೆಗಿಂತ ಆಗಲೇ ಇಳಿದಿತ್ತು. ಹಾಕಿದ್ದಾದರೂ ಬರಲಿ, ಬಂದ ದಿನವೇ ಕೈತೊಳೆದುಕೊಳ್ಳುತ್ತೇನೆ ಎಂದುಕೊಂಡೆ. ಹೇಗೂ ಕಂಪನಿ ಗಟ್ಟಿ ಇದೆಯಲ್ಲ ಎಂದು ಮಾಸ್ತರರ ಹಳೆಯ ಪಾಠವನ್ನೇ ನನಗೆ ನಾನು ಒಪ್ಪಿಸಿಕೊಂಡೆ. ಅವರು ದಿನಾ ಕೈ ತೊಳೆದು ಬರುವಾಗ ಗಲ್ಲೆಯ ಹತ್ತಿರ ಬಗ್ಗಿ, "ಇಳದ್ಯೇನು?" ಎಂದು ಕೇಳುತ್ತಿದ್ದರು. "ನಾಳೆ ಮಾಸ್ಟ್ರೆ" ಎನ್ನುತ್ತಿದ್ದೆ. ಅವರು ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು.

ವಿಕ್ರೋಳಿಯ ಕಾರ್ಖಾನೆಯಲ್ಲಿ ಇನ್ನು ಒಂದೇ ಪಾಳಿ ಎಂಬ ಸುದ್ದಿ ಬಂದ ದಿನ ಬೆಲೆ ಕುಸಿಯಿತು. ಮತ್ತೆ ಏಳಲಿಲ್ಲ. ನಾವು ನೋಡಿಟ್ಟಿದ್ದ ಫ್ಲ್ಯಾಟು ಬೇರೆಯವರ ಪಾಲಾಯಿತು. ಹೆಂಡತಿ ಜಗಳವಾಡಲಿಲ್ಲ. ಮರುದಿನ ಬೆಳಿಗ್ಗೆ ಬಾಲ್ದಿ ಹಿಡಿದು ಸಂಡಾಸಿನ ಸಾಲಿನಲ್ಲಿ ನಿಲ್ಲಲು ಹೊರಡುವಾಗ, "ಇನ್ನು ಇದೇ ಗತಿ ಅಲ್ವಾ?" ಎಂದು ಮಾತ್ರ ಕೇಳಿದಳು. ಅದಕ್ಕಿಂತ ಅವಳು ನಾಲ್ಕು ಬೈದಿದ್ದರೆ ಒಳ್ಳೆಯದಿತ್ತು.

ಅದೇ ಮಧ್ಯಾಹ್ನ, ಆಫೀಸಿನವರ ಊಟದ ಗದ್ದಲದ ಹೊತ್ತಿಗೆ, ಮಾಸ್ತರು ಒಳಗೆ ಬಂದರು. ಮುಖ ಬಾಡಿತ್ತು. ಸುದ್ದಿ ಅವರೂ ಓದಿದ್ದಿರಬೇಕು. ನಾನು ಗಲ್ಲೆಯಿಂದಲೇ, ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದೆ.

"ಬನ್ನಿ ಮಾಸ್ಟ್ರೆ, ಬನ್ನಿ! ಊರು ಸುಟ್ಟಾಯ್ತು. ನಿಮ್ಮ ಹನುಮಪ್ಪ ಎಲ್ಲಿದ್ದಾನೆ? ನನ್ನ ಮನೆ ನುಂಗಿ ಹೊರಗೆ ಕೂತಿದ್ದಾನಾ?"

ನಮ್ಮಿಬ್ಬರ ತಮಾಷೆ ನೋಡಿ ಗೊತ್ತಿದ್ದ ವೇಟರುಗಳು ಇದೂ ತಮಾಷೆಯೇ ಎಂದುಕೊಂಡು ನಕ್ಕರು. ಕೆಲವು ಗಿರಾಕಿಗಳೂ ತಿರುಗಿ ನೋಡಿ ನಕ್ಕರು. ಮಾಸ್ತರರಿಗೆ ಒಂದೇ ಮಾತು ಸಾಕಿತ್ತು. ‘ಮಾರು ಅಂತ ದಿನಾ ಹೇಳತಿದ್ನಲ್ಲೋ’ ಎಂದಿದ್ದರೆ ನಾನು ಗಲ್ಲೆಯ ಕೆಳಗೆ ತೂರಿಕೊಳ್ಳಬೇಕಾಗುತ್ತಿತ್ತು. ಅವರು ಆ ಮಾತು ಆಡಲಿಲ್ಲ. ಅಷ್ಟು ಜನರ ನಡುವೆ ನನ್ನ ಮಾನ ಕಾಯ್ದರು. ತಮ್ಮ ಮಾಮೂಲಿ ಟೇಬಲ್ಲಿಗೆ ಹೋಗಿ ಕೂತು, ಬಂದ ಇಡ್ಲಿಯನ್ನು ಸದ್ದಿಲ್ಲದೆ ತಿಂದರು.

ಆಮೇಲೆ ಗಲ್ಲೆಗೆ ಬಂದು ಒಂದು ನೋಟು ತೆಗೆದು ನನ್ನ ಮುಂದಿಟ್ಟರು. ತಟ್ಟೆ ಸರಿಸುವುದಕ್ಕೆ ನನಗೆ ಸಮಯವಿತ್ತು. ನನ್ನ ಕೈ ತಟ್ಟೆಯ ಕಡೆಗೆ ಹೋಗಲಿಲ್ಲ, ನೋಟಿನ ಕಡೆಗೆ ಹೋಯಿತು. ತೆಗೆದುಕೊಂಡೆ. ಚಿಲ್ಲರೆ ಕೊಟ್ಟೆ. ಅಭ್ಯಾಸದಿಂದ ಹಾಗಾಯಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವರಿಂದ ಏನಾದರೂ ವಸೂಲಿ ಮಾಡಬೇಕೆಂದು ಆ ಹೊತ್ತು ನನಗೆ ಅನಿಸಿತ್ತು. ಒಂದು ಇಡ್ಲಿ, ಒಂದು ಕಾಫಿಯ ದುಡ್ಡನ್ನು ಮಾಸ್ತರರಿಂದ ವಸೂಲಿ ಮಾಡಿದೆ.

"ಬರತೇನ್ರಿ ಶೇಟ್ರ" ಎಂದರು. ಹಿಂದಿನ ಬೆಂಚಿನ ಕಾಲದಿಂದ ನನ್ನನ್ನು ಲೇ ಎಂದೇ ಕರೆದವರು ಅವರು.

ಅದಾದ ಮೇಲೂ ಕೆಲವು ಸಲ ಬಂದರು. ಪ್ರತಿ ಸಲ ಸರಿಯಾದ ಚಿಲ್ಲರೆ ತಂದಿರುತ್ತಿದ್ದರು. ಇಳದ್ಯೇನು ಎಂದು ಮತ್ತೆ ಕೇಳಲಿಲ್ಲ. ಇವತ್ತು ತಟ್ಟೆ ಸರಿಸುತ್ತೇನೆ, ಇವತ್ತು ಖಂಡಿತ ಎಂದು ನಾನು ಬೆಳಿಗ್ಗೆಯೇ ಅಂದುಕೊಳ್ಳುತ್ತಿದ್ದೆ. ಆದರೆ ಹಾಗೆ ಸರಿಸಿದರೆ ಹಿಂದಿನದಕ್ಕೂ ಒಂದು ಮಾತು ಹೇಳಬೇಕಾಗುತ್ತಿತ್ತು. ಆ ಮಾತು ಬಾಯಿಗೆ ಬರಲಿಲ್ಲ. ಅವರ ದುಡ್ಡು ಮಾತ್ರ ಗಲ್ಲೆಗೆ ಬಂತು. ಆಮೇಲೆ ಅವರ ಬರುವಿಕೆ ಅಪರೂಪವಾಯಿತು, ಆಮೇಲೆ ನಿಂತಿತು. ಮಂಡಿನೋವು, ಲೋಕಲ್ ಹತ್ತಲಾಗುವುದಿಲ್ಲವಂತೆ ಎಂದು ಯಾರೋ ಹೇಳಿದರು. ಅವರ ಮನೆ ನಮ್ಮ ಚಾಳಿನಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಒಂದು ದಿನವೂ ಹೋಗಲಿಲ್ಲ.

ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು. ಹೋದೆ, ಹೆಗಲು ಕೊಟ್ಟೆ. ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ದಿನ ಮತ್ತೆ ಎಲ್ಲರೂ ಅವರ ಮನೆಯಲ್ಲಿ ಸೇರಿದ್ದೆವು. ಒಬ್ಬೊಬ್ಬನೂ ತನ್ನ ಗಲ್ಲೆಯ ಮುಂದೆ ಮಾಸ್ತರು ಬಂದು ನಿಂತದ್ದನ್ನು ನೆನೆದ. "ನಾನು ಬ್ರೋಕರಿಗೆ ಫೋನ್ ಮಾಡುವ ತನಕ ಕದಲ್ಲಿಲ್ಲ ಮಾರಾಯ. ಅವರು ಬಾರದಿದ್ರೆ ನನ್ನ ಮಗಳ ಕಾಲೇಜು ಅಲ್ಲಿಗೇ ನಿಲ್ತಿತ್ತು" ಎಂದು ಒಬ್ಬ ಕಣ್ಣೊರೆಸಿಕೊಂಡ. ನಾನೂ ತಲೆಯಾಡಿಸಿದೆ.

ಹೊರಡುವಾಗ ಮಾಸ್ತರರ ಹೆಂಡತಿ, ನಾವೆಲ್ಲ ಅಮ್ಮನವರು ಎನ್ನುವವರು, ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

"ತಮ್ಮಾ, ಫೋರ್ಟಿನಾಂವ ನೀನ ಅಲ್ಲಾ? ಒಂದ ಮಾತ ಕೇಳಬೇಕಿತ್ತು. ಆ ಇಂಕಿನ ಶೇರು ನೀ ಮಾರಿದ್ಯೇನು?"

ಯಾಕೆ ಕೇಳಿದ್ದೆಂದು ಅವರೇ ಹೇಳಿದರು.

"ಅವರು ಕಡೀತನಕಾ ತಮ್ಮದು ಮಾರಲಿಲ್ಲಪಾ. ದವಾಖಾನಿಗೆ ರೊಕ್ಕ ಬೇಕಾದಾಗೂ ನಾ ಕೈ ಮುಗದು ಕೇಳಿದೆ. ಎಲ್ಲಾರೂ ಇಳದಾರ, ಫೋರ್ಟಿನಾಂವ ಒಬ್ಬಾಂವ ಇನ್ನೂ ಇಳದಿಲ್ಲ, ಅಂವನ್ನ ಒಳಗ ಬಿಟ್ಟು ನಾ ಹೆಂಗ ಇಳೀಲಿ ಅಂದ್ರು. ಅಂವ ಇಳದ್ರ ನೀ ಮಾರು ಅಂತ ಹೇಳಿ ಹೋಗ್ಯಾರ. ಅದಕ್ಕ ಕೇಳಿದೆ."

ನನ್ನ ಹೆಸರಿನಲ್ಲಿ ಆ ಶೇರು ಆಗಲೂ ಹಾಗೆಯೇ ಇತ್ತು. ಅಮ್ಮನವರ ಮುಖ ನೋಡಿ ಅದನ್ನು ಹೇಳುವ ಧೈರ್ಯ ಬರಲಿಲ್ಲ.

"ಮಾರಿದೆ ಅಮ್ಮ" ಎಂದೆ. "ಅದು ಯಾವಾಗಲೋ ಮಾರಿ ಆಯ್ತು."

ಅವರ ಮುಖ ಒಂದು ಕ್ಷಣ ಹಗುರವಾಯಿತು. ಆಮೇಲೆ ಕೇಳಿದರು.

"ಒಂದ ಮಾತು ಬಂದು ಹೇಳಬಾರದಿತ್ತೇನಪಾ? ನಿನ್ನ ಕೇಳಾಕ ಅವರಿಗೆ ಮುಖಾ ಇರಲಿಲ್ಲ."

ಬಿಲ್ಡಿಂಗಿನ ಮೆಟ್ಟಿಲ ಮೇಲೆ ನಿಂತು ಮೊಬೈಲು ತೆಗೆದು, ಬಜಾರು ಮುಚ್ಚುವುದರೊಳಗೆ ಅಷ್ಟನ್ನೂ ಮಾರಿದೆ. ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಅಮ್ಮನವರೂ ಮರುವಾರ ಮಾರಿದರಂತೆ, ಬಂದದ್ದು ಏನೇನೂ ಅಲ್ಲ. ಈಗ ತಿಂಗಳಿಗೊಮ್ಮೆ ಅವರಲ್ಲಿಗೆ ಹೋಗಿಬರುತ್ತೇನೆ. ಮಾಸ್ತರರಿಗೆ ಒಂದು ಮಾತು ಬಂದು ಹೇಳಲು ಮರೆತವನು ಎಂದು ಅವರು ನನ್ನನ್ನು ಕ್ಷಮಿಸಿದ್ದಾರೆ, ಚಹಾ ಮಾಡಿಕೊಡುತ್ತಾರೆ. ನಾನು ಕುಡಿದು ಬರುತ್ತೇನೆ.